ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಹೊರಗುತ್ತಿಗೆ ಆಪರೇಟರ್ ಕೆಲಸ: ಸೇರಬಹುದಾ?

ಈ ಕೆಲಸಕ್ಕೆ ಸೇರಬಹುದಾ, ಎಲೆಕ್ಷನ್ ಟೈಮಲ್ಲಿ ಎಷ್ಟು ಸಿಗುತ್ತೆ ಅಂತ ಕೇಳಿದ್ದೀರಿ. ಡೇಟಾ ಎಂಟ್ರಿ ಕೆಲಸ, ಏಜೆನ್ಸಿ ಸಂಬಳ, ಎಲೆಕ್ಷನ್ ಬಂದರೆ ಮೇಲೊಂದಿಷ್ಟು ದುಡ್ಡು, ಮುಂದೆ ಕಾಯಂ. ನಿಮಗೆ ಹೇಳಿದ್ದನ್ನೇ ನನಗೂ ಹೇಳಿದ್ದರು.

ನಾನು ಸೇರಿದ್ದು 2021ರಲ್ಲಿ. ವರ್ಷದ ಬಹುಪಾಲು ಫಾರಂ 6, 7, 8. ಅಂದರೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸುವುದು, ತೆಗೆಯುವುದು, ತಿದ್ದುವುದು. ಫೋಟೋ ಮಸುಕು, ಮನೆ ನಂಬರ್ ಜಾಗದಲ್ಲಿ 'ದೇವಸ್ಥಾನದ ಹಿಂದೆ'. ಅದೆಲ್ಲ ಹೇಗೋ ನಡೆಯುತ್ತೆ. 2023ರ ವಿಧಾನಸಭೆ ಚುನಾವಣೆ ಬಂತು ನೋಡಿ, ಮಾರ್ಚ್ 29ಕ್ಕೆ ಘೋಷಣೆ, ಮೇ 10ಕ್ಕೆ ಮತದಾನ. ಆ ಆರು ವಾರ ಮನೆಗೆ ಹೋಗಿದ್ದು ಸ್ನಾನಕ್ಕೆ ಅಂದರೂ ತಪ್ಪಿಲ್ಲ. 80 ದಾಟಿದವರು ಮನೆಯಿಂದಲೇ ಮತ ಹಾಕುವುದು ಆ ಸಲ ನಮಗೆ ಹೊಸದು. ಅದರ 12ಡಿ ಫಾರಂಗಳು ಬೇರೆ.

ಘೋಷಣೆಯಾದ ವಾರ ಶಿರಸ್ತೇದಾರರು ಒಂದು ಚೀಟಿ ಕೊಟ್ಟು, "ಇವರನ್ನೆಲ್ಲ ಎಲೆಕ್ಷನ್ ಕೆಲಸಕ್ಕೆ ಹಾಕಿ ಒಂದು ಆದೇಶ ಟೈಪ್ ಮಾಡಪ್ಪ" ಎಂದರು. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದೆ. 31 ಹೆಸರು. ಎಫ್‌ಡಿಎ, ಎಸ್‌ಡಿಎ ಗುಮಾಸ್ತರು, ವಿಎಗಳು (ಗ್ರಾಮ ಲೆಕ್ಕಿಗರು), ಜೀಪ್ ಡ್ರೈವರ್, ಕೊನೆಗೆ ಡಿ ಗ್ರೂಪ್‌ನವರು. 32ನೇ ಸಾಲು ಖಾಲಿ ಉಳಿದಿತ್ತು. ನನ್ನ ಹೆಸರು ಹಾಕಲಾ ಸಾರ್ ಅಂತ ಕೇಳಬೇಕಿತ್ತು. ಕೇಳಲಿಲ್ಲ. ದುಡ್ಡಿಗೆ ಬಾಯಿ ಬಿಡ್ತಾನೆ ಅಂದುಕೊಂಡಾರು ಅಂತ ನಾಚಿಕೆ. ಖಾಲಿ ಸಾಲನ್ನು ಡಿಲೀಟ್ ಮಾಡಿ ಪ್ರಿಂಟ್ ಕೊಟ್ಟೆ. ನನ್ನ ಕೈಯಾರೆ.

ಎಲೆಕ್ಷನ್ ಮುಗಿದ ಮೇಲೆ ಗೌರವಧನದ ಬಿಲ್ ಆಗಿದ್ದು ಅದೇ ಆದೇಶ ನೋಡಿಕೊಂಡು. ನಾನು ರಾತ್ರಿ ಎರಡರ ತನಕ ಕೂತಿದ್ದು ಕಚೇರಿಗೆಲ್ಲ ಗೊತ್ತು, ಆದರೆ ಗೊತ್ತಿದೆ ಅಂತ ಬಿಲ್ ಪಾಸಾಗಲ್ಲ. ಏಜೆನ್ಸಿಗೆ ಹೋಗುವ ಹಾಜರಾತಿಯಲ್ಲೋ, ದಿನದ ಲೆಕ್ಕ ಇತ್ತೇ ಹೊರತು ಗಂಟೆಯದ್ದಲ್ಲ. ತಮಾಷೆ ಅಂದರೆ ಆ ಬಿಲ್ಲನ್ನೂ ನಾನೇ ಟೈಪ್ ಮಾಡಿದೆ. ಡ್ರೈವರ್‌ಗೂ ಬಂತು, ನನಗಿಲ್ಲ. "ಮೊದಲೇ ಹೇಳಬಾರದಿತ್ತೇನಪ್ಪಾ" ಅಂತ ಶಿರಸ್ತೇದಾರರು ನಿಜಕ್ಕೂ ಬೇಜಾರು ಮಾಡಿಕೊಂಡರು. ಕೇಳಿದ್ದರೆ ಹಾಕುತ್ತಿದ್ದರು ಅಂತಾಯ್ತು ಅಲ್ವಾ? ಅದೇ ಇವತ್ತಿಗೂ ಹೊಟ್ಟೆ ಉರಿಸುತ್ತೆ.

ದುಡ್ಡು ಹೋದರೆ ಹೋಗಲಿ. ಅದೇ ವರ್ಷ ಟೆಂಡರ್ ಬದಲಾಗಿ ಹೊಸ ಏಜೆನ್ಸಿ ಬಂತು, ಹಳೆಯವರು ಫೋನ್ ಎತ್ತುವುದು ಬಿಟ್ಟರು. ಬೇರೆ ಕಡೆ ಅರ್ಜಿ ಹಾಕಿದಾಗ ಅನುಭವದ ಪತ್ರ ಕೇಳಿದರು. ಎರಡು ವರ್ಷ ದುಡಿದವನ ಹೆಸರು ಕಚೇರಿ ಮೊಹರಿರುವ ಒಂದೇ ಒಂದು ಕಾಗದದಲ್ಲೂ ಇರಲಿಲ್ಲ.

ಇನ್ನು ಕಾಯಂ ಮಾತು. ಸುಮ್ನೆ ಹೇಳ್ತಾರೆ, ನಂಬಬೇಡಿ. 2006ರಲ್ಲಿ ಉಮಾದೇವಿ ಪ್ರಕರಣದಲ್ಲಿ, ಅದೂ ನಮ್ಮ ಕರ್ನಾಟಕದ್ದೇ ಕೇಸು, ನಿಯಮದಂತೆ ನೇಮಕ ಆಗದವರು ವರ್ಷಗಟ್ಟಲೆ ದುಡಿದೆವು ಅನ್ನುವ ಕಾರಣಕ್ಕೇ ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅವರಾದರೂ ಇಲಾಖೆಯೇ ತೆಗೆದುಕೊಂಡಿದ್ದ ಜನ. ನಾವು ಏಜೆನ್ಸಿಯ ಜನ.

ಬಿಎಲ್‌ಒಗಳಿಗೆ, ಅಂದರೆ ಮತಗಟ್ಟೆ ಮಟ್ಟದಲ್ಲಿ ಮತದಾರರ ಪಟ್ಟಿ ನೋಡಿಕೊಳ್ಳುವವರಿಗೆ, ವರ್ಷಕ್ಕೆ 6,000 ಇದ್ದದ್ದನ್ನು ಚುನಾವಣಾ ಆಯೋಗ 2025ರ ಆಗಸ್ಟ್‌ನಲ್ಲಿ 12,000 ಮಾಡಿತು. ತಿಂಗಳಿಗೆ ಸಾವಿರ. ಬಿಸಿಲಲ್ಲಿ ಮನೆಮನೆ ಸುತ್ತುವ ಅಂಗನವಾಡಿ ಟೀಚರ್‌ಗೆ ಅದು ಏನೇನೂ ಸಾಲದು. ಆದರೂ ಅವರ ನೇಮಕದ ಆದೇಶ ಇರುತ್ತೆ, ಅದಕ್ಕೇ ದುಡ್ಡು ಏರಿದಾಗ ಅವರಿಗೂ ಏರಿತು.

ಹಾಗಾಗಿ 'ಎಲೆಕ್ಷನ್ ಟೈಮಲ್ಲಿ ಎಷ್ಟು ಸಿಗುತ್ತೆ' ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಆದೇಶದಲ್ಲಿ ನನ್ನ ಹೆಸರು ಹಾಕ್ತೀರಾ ಅಂತ ಕೇಳಿ. ಪಿಎಫ್ ಪಾಸ್‌ಬುಕ್ ತಿಂಗಳು ತಿಂಗಳು ನೋಡಿಕೊಳ್ಳಿ. ಬೇರೆ ಕೆಲಸ ಕೈಯಲ್ಲಿಲ್ಲದಿದ್ದರೆ ಸೇರಿ, ಪರೀಕ್ಷೆಗೆ ಓದುವುದನ್ನು ಮಾತ್ರ ಬಿಡಬೇಡಿ.

2024ರ ಲೋಕಸಭೆ ಚುನಾವಣೆಗೂ ಆದೇಶ ಟೈಪ್ ಮಾಡಿದ್ದು ನಾನೇ. ಯಾರನ್ನೂ ಕೇಳದೆ ಕೊನೆಯ ಸಾಲಿಗೆ ನನ್ನ ಹೆಸರು ಹಾಕಿದೆ. ಶಿರಸ್ತೇದಾರರು ಕನ್ನಡಕ ಏರಿಸಿ ಓದಿದರು, ನನ್ನ ಮುಖ ಒಮ್ಮೆ ನೋಡಿದರು, ತಹಶೀಲ್ದಾರರ ಸಹಿಗೆ ಒಯ್ದರು. ಅದರ ಜೆರಾಕ್ಸ್ ನನ್ನ ಹತ್ತಿರ ಮೂರು ಇದೆ.