ಬರಗಾಲದಲ್ಲೂ ಕಾಂಗರೂ ಸಂತತಿ ಹೇಗೆ ಉಳಿಯುತ್ತೆ?

ಮುಖ್ಯ ಕಾರಣ ತಾಯಿಯ ದೇಹ. ಆಸ್ಟ್ರೇಲಿಯಾದ ಕೆಂಪು ಕಾಂಗರೂ ಮರಿ ಸುಮಾರು 33 ದಿನಕ್ಕೇ ಹುಟ್ಟುತ್ತೆ, ತೂಕ 1 ಗ್ರಾಂ ಕೂಡ ಇರಲ್ಲ, ಕಣ್ಣು ಬಿಟ್ಟಿರಲ್ಲ, ಆದ್ರೂ ಮುಂಗಾಲಲ್ಲಿ ತಾಯಿಯ ಕೂದಲು ಹಿಡ್ಕೊಂಡು ತಾನೇ ಚೀಲದೊಳಗೆ ಹೋಗಿ ಮೊಲೆತೊಟ್ಟು ಕಚ್ಕೊಳ್ಳುತ್ತೆ, ತೊಟ್ಟು ಬಾಯೊಳಗೇ ಊದಿಕೊಳ್ಳೋದ್ರಿಂದ ಅಮ್ಮ ಎಷ್ಟೇ ನೆಗೆದ್ರೂ ಮರಿ ಬೀಳಲ್ಲ. ಹೆತ್ತ ಒಂದೆರಡು ದಿನದಲ್ಲೇ ತಾಯಿ ಮತ್ತೆ ಗರ್ಭ ಧರಿಸುತ್ತೆ, ಆದ್ರೆ ಆ ಭ್ರೂಣ ಸುಮಾರು 100 ಕೋಶ ಆದ್ಮೇಲೆ ಬೆಳವಣಿಗೆ ನಿಲ್ಸಿ ಕಾಯ್ತಾ ಇರುತ್ತೆ. ಮೇವಿಲ್ದೆ ಹಾಲು ಕಮ್ಮಿಯಾಗಿ ಚೀಲದ ಮರಿ ಸತ್ತೋದ್ರೆ, ಪಾಪ, ಆಗ ಇದು ಬೆಳೆಯೋಕೆ ಶುರು ಮಾಡುತ್ತೆ. ನನಗಂತೂ ಕಾಂಗರೂ ವಿಷಯದಲ್ಲಿ ಅತಿ ದೊಡ್ಡ ಅಚ್ಚರಿ ಇದೇ. ಬರ ಇನ್ನೂ ಜೋರಾಗಿ ಮುಂದುವರಿದ್ರೆ ಹೆಣ್ಣು ಬೆದೆಗೇ ಬರಲ್ಲ, ಮಳೆ ಬಿದ್ದು ಹುಲ್ಲು ಚಿಗುರಿದ್ಮೇಲೆ ಮತ್ತೆ ಮರಿ ಹಾಕುತ್ತೆ.