ಬಾಗಿಲು ತಟ್ಟುವವರಿಗೆ ಬಡ್ತಿ ಬೇಕೇ?

ಓದುಗರ ಪತ್ರ: ಸಮುದಾಯ ಮಾನಸಿಕ ಆರೋಗ್ಯ ಕೇಂದ್ರದಲ್ಲಿ 30 ವರ್ಷ ದುಡಿದು ನಿವೃತ್ತರಾದ ಸೋಷಿಯಲ್ ವರ್ಕರ್ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಹಾಕಿದ್ದೀರಿ. ಕಾಯಿಲೆ ವಾಸಿ ಮಾಡೋದು ಡಾಕ್ಟರು ಮತ್ತು ಮಾತ್ರೆ. ಮನೆಮನೆಗೆ ಹೋಗಿ ಸುಮ್ನೆ ಮಾತಾಡಿ ಬರುವುದರಲ್ಲಿ ಅಂಥದ್ದೇನಿದೆ? ಒಂದು ಬಡ್ತಿಯೂ ಇಲ್ಲದೆ ಸೇರಿದ ಹುದ್ದೆಯಲ್ಲೇ ಮುಗಿದದ್ದನ್ನು ಸಾಧನೆ ಅನ್ನಬಹುದೇ?

ಸಂಪಾದಕರ ಉತ್ತರ: ಇಷ್ಟು ನೇರವಾಗಿ ಬರೆಯುವವರು ಈಗ ಕಡಿಮೆ. ಅದಕ್ಕೇ ನಿಮ್ಮ ಪತ್ರ ಆರಿಸಿಕೊಂಡೆ. ಜಗಳ ಆಡೋಕೂ ಒಂದು ನೆಪ ಸಿಕ್ಕಿತು.

ಮಾತ್ರೆಯ ವಿಷಯ ಒಪ್ಪಿದೆ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಮನೋರೋಗದ ಔಷಧಿ ಬಂದಿರದಿದ್ದರೆ ಇನ್ನೂ ಎಷ್ಟೋ ಜನ ಆಸ್ಪತ್ರೆಯ ಗೋಡೆಯೊಳಗೇ ಮುದುಕರಾಗುತ್ತಿದ್ದರು. ಆದರೆ ಮಾತ್ರೆ ತಾನಾಗಿ ನಡೆದು ಬಾಯಿಗೆ ಹೋಗಲ್ಲ, ಅಲ್ವಾ?

ಅಮೆರಿಕದ ಮ್ಯಾಡಿಸನ್‌ನಲ್ಲಿ ಮೆಂಡೋಟಾ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. 1970ರ ಸುಮಾರಿಗೆ ಅಲ್ಲಿನವರಿಗೆ ಒಂದು ತಲೆನೋವು. ವಾರ್ಡಿನಲ್ಲಿ ಸುಧಾರಿಸಿದವರು ಮನೆಗೆ ಹೋಗುತ್ತಾರೆ, ಸ್ವಲ್ಪ ದಿನದಲ್ಲೇ ವಾಪಸ್. ಒಬ್ಬ ಸೋಷಿಯಲ್ ವರ್ಕರ್ ನೋಡಿಕೊಂಡವರು ಮಾತ್ರ ಅಷ್ಟಾಗಿ ವಾಪಸ್ ಬರುತ್ತಿರಲಿಲ್ಲ. ಆಕೆ ಹಾಕಿದ ಮಂತ್ರವೇನು ಅಂತ ನೋಡಿದರೆ, ಬಿಡುಗಡೆಯಾದ ಮೇಲೂ ಅವರ ಕೈ ಬಿಟ್ಟಿರಲಿಲ್ಲ, ಅಷ್ಟೇ. ಮುಂದೆ ಅದೇ ಆಸ್ಪತ್ರೆಯ ಲಿಯೊನಾರ್ಡ್ ಸ್ಟೈನ್, ಮೇರಿ ಆನ್ ಟೆಸ್ಟ್ ಮತ್ತು ಜೊತೆಯವರು ವಾರ್ಡಿನ ಸಿಬ್ಬಂದಿಯನ್ನೇ ಊರೊಳಗೆ ಕಳಿಸಿದರು. ಇವತ್ತು ಹಲವು ದೇಶಗಳಲ್ಲಿ ನಡೆಯುವ, ರೋಗಿ ಇರುವಲ್ಲಿಗೇ ತಂಡ ಹೋಗಿ ನೋಡಿಕೊಳ್ಳುವ ‘ಅಸರ್ಟಿವ್ ಕಮ್ಯುನಿಟಿ ಟ್ರೀಟ್‌ಮೆಂಟ್’ ಹುಟ್ಟಿದ್ದು ಹೀಗೆ. ನಿಮ್ಮ ‘ಸುಮ್ನೆ ಮಾತಾಡಿ ಬರುವುದು’ ಇದೇ.

ಹಾಗೆ ಹೋಗುವವರು ಸಾಲದಿದ್ದರೆ ಏನಾಗುತ್ತದೆ ಅನ್ನೋದಕ್ಕೂ ಅದೇ ದೇಶ ಸಾಕ್ಷಿ. 1963ರಲ್ಲಿ ಅಧ್ಯಕ್ಷ ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕಾಯ್ದೆಗೆ ಸಹಿ ಹಾಕಿದರು. ದೊಡ್ಡ ಆಸ್ಪತ್ರೆಗಳ ಬದಲು ಊರಲ್ಲೇ ಚಿಕಿತ್ಸೆ ಕೊಡುವ ಸುಮಾರು 1,500 ಕೇಂದ್ರ ಬೇಕೆಂಬ ಲೆಕ್ಕವಿತ್ತು. ಅರ್ಧದಷ್ಟೇ ಎದ್ದವು. ಆಸ್ಪತ್ರೆಗಳೇನೋ ಖಾಲಿಯಾದವು. ಹೊರಬಂದವರಲ್ಲಿ ಎಷ್ಟೋ ಮಂದಿ ಬೀದಿಗೆ, ಜೈಲಿಗೆ ಬಿದ್ದರು.

ನನ್ನ ಸೋದರಮಾವನಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇತ್ತು. ಮನೆಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ಮೊದಮೊದಲು ಅವರು ಬಾಗಿಲೇ ತೆಗೆಯಲಿಲ್ಲ. ಆಕೆ ಹೊರಗೆ ಹತ್ತು ನಿಮಿಷ ಕೂತು, “ಮುಂದಿನ ವಾರ ಬರ್ತೀನಿ” ಅಂತ ಹೇಳಿ ಹೋಗುತ್ತಿದ್ದರು. ತಿಂಗಳುಗಟ್ಟಲೆ ಹೀಗೇ. ಒಂದು ದಿನ ಜೋರು ಮಳೆ. ಮಾವ ಬಾಗಿಲು ತೆಗೆದು ಕೇಳಿದ್ದು, “ಛತ್ರಿ ತರೋಕಾಗಲ್ವಾ?” ನಮ್ಮ ಮನೆಯಲ್ಲಿ ಚಿಕಿತ್ಸೆ ಶುರುವಾದದ್ದು ಅವತ್ತು. ಎರಡು ವರ್ಷದ ಮೇಲೆ ಆಕೆಗೆ ಬಡ್ತಿ ಸಿಕ್ಕಿ ಆಫೀಸಿಗೆ ಹೋದರು. ಹೊಸಬರು ಒಂದು ಫಾರಂ ಹಿಡಿದು ಬಂದರು. ಬಾಗಿಲು ಮತ್ತೆ ಮುಚ್ಚಿತು. ಫೈಲಿನಲ್ಲಿ ‘ರೋಗಿ ಸಹಕರಿಸಲಿಲ್ಲ’ ಅಂತ ಬಿತ್ತು.

ನನಗೆ ಸಿಟ್ಟು ಇರುವುದು ಇಲ್ಲಿ. ಕೆಲಸ ಚೆನ್ನಾಗಿ ಮಾಡಿದವರಿಗೆ ನಾವು ಕೊಡುವ ಬಹುಮಾನ, ಆ ಕೆಲಸದಿಂದ ಬಿಡಿಸುವುದು! ಒಳ್ಳೆ ಮೇಷ್ಟ್ರು ಹೆಡ್‌ಮಾಸ್ಟರಾಗಿ ಕಡತ ಹೊರುತ್ತಾರೆ. ಒಳ್ಳೆ ನರ್ಸ್ ಡ್ಯೂಟಿ ಪಟ್ಟಿ ಬರೆಯುತ್ತಾರೆ. ನಾನೂ ಊರೂರು ಸುತ್ತುತ್ತಿದ್ದ ವರದಿಗಾರನೇ. ಸಂಪಾದಕನಾಗಿ ಹನ್ನೆರಡು ವರ್ಷವಾಯಿತು, ಕುರ್ಚಿ ಬಿಟ್ಟು ಎದ್ದದ್ದು ಕಡಿಮೆ.

ಇನ್ನು ನಮ್ಮ ಲೇಖನದ ಆ ಸೋಷಿಯಲ್ ವರ್ಕರ್‌ಗೆ ಬಡ್ತಿ ಸಿಗಲಿಲ್ಲ ಅಂದಿರಲ್ಲ. ಸಿಕ್ಕಿತ್ತು, ಎರಡು ಸಲ. ಎರಡು ಸಲವೂ ಆಕೆ ಬೇಡ ಅಂದರು. ಲೇಖನದಲ್ಲಿ ಆ ಸಾಲು ಇತ್ತು. ಜಾಗ ಸಾಲದೆ ತೆಗೆದವನು ನಾನೇ.