ಉರ್ದು ಬಹಿಗಳನ್ನು ರದ್ದಿಗೆ ಹಾಕಬೇಡಿ

ನಿಮ್ಮಜ್ಜ ಸೇಂದಿ ಗುತ್ತಿಗೆ ಹಿಡಿದ ವರ್ಷ ಹುಡುಕಲು ಹೈದರಾಬಾದಿನ ಪತ್ರಾಗಾರಕ್ಕೆ ಹೋಗಲೇ, ಮನೆಯಲ್ಲಿರುವ ಉರ್ದು ಬಹಿಗಳು, ಅಂದರೆ ಲೆಕ್ಕದ ಪುಸ್ತಕಗಳು, ಹೇಗೂ ಓದಲು ಬರುವುದಿಲ್ಲ ಅಂದಿದ್ದೀರಿ. ಈಗಲೇ ಹೋಗಬೇಡಿ. ಮೊದಲು ಆ ಬಹಿ ಬಿಚ್ಚಿ.

ನಮ್ಮದೂ ರಾಯಚೂರು ಸೀಮೆಯ ಮಾನ್ವಿ ಕಡೆಯ ಸೇಂದಿ ಮನೆತನ. ನಸುಕಿನಲ್ಲಿ ಈಚಲ ಮರದಿಂದ ಇಳಿಸಿದ್ದು ಸಿಹಿ, ಬಿಸಿಲೇರಿದಂತೆ ನೊರೆಗಟ್ಟಿ ಹುಳಿ. ಮಡಕೆಗೆ ಸುಣ್ಣ ಬಳಿದಿದ್ದರೆ ಮಾತ್ರ ಅದು ನೀರಾ ಆಗಿ ಉಳಿಯುತ್ತಿತ್ತು.

2009ರಲ್ಲಿ ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ ಕೆಂಪು ಬಟ್ಟೆಯ ರಟ್ಟಿನ ಹನ್ನೊಂದು ಬಹಿ ಸಿಕ್ಕವು. ಕನ್ನಡದ ಎರಡನ್ನು ಇಟ್ಟುಕೊಂಡೆ. ಉಳಿದವು ಉರ್ದು. ರಟ್ಟಿನ ಮೇಲೆ ಅಪ್ಪ ಪೆನ್ಸಿಲಿನಲ್ಲಿ 1349, 1350 ಅಂತ ಬರೆದಿದ್ದ. ಅಜ್ಜಿ, 'ಅವು ಸಾಲು ಅದಾವಪ್ಪ, ಒಗಿಬ್ಯಾಡ' ಅಂದಳು. 1350 ಅಂದರೆ ವಿಜಯನಗರದ ಕಾಲ, ಅಜ್ಜನ ಲೆಕ್ಕ ಹೇಗಾದೀತು? ಸಾಲು ಅಂದರೆ ಕ್ರಮಸಂಖ್ಯೆ ಅಂದುಕೊಂಡೆ. ಅಜ್ಜಿ ಹೇಳಿದ್ದು ಫಸಲಿ ಸಾಲು! ಆಗ ನಮ್ಮ ಸೀಮೆ ಆಳುತ್ತಿದ್ದ ಹೈದರಾಬಾದಿನ ನಿಜಾಮರ ದಫ್ತರದ ವರ್ಷ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ. ಇಷ್ಟು ಲೆಕ್ಕ ಗೊತ್ತಿದ್ದರೆ, ಅಥವಾ 'ಯಾವ ಸಾಲಜ್ಜಿ?' ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಎಂಟು ಬಹಿ ತೂಕಕ್ಕೆ ಹಾಕಿದೆ. ವಿಷಯ ತಿಳಿದು ಮತ್ತೆ ಓಡಿದಾಗ ರದ್ದಿ ಅಂಗಡಿಯವನು ಲಾರಿ ತುಂಬಿಸಿ ಹತ್ತು ದಿನವಾಗಿತ್ತು.

ಜೋಳ ತುಂಬಿಡುವ ವಾಡೆಯ ಕೆಳಗೆ ಅಜ್ಜಿ ಒತ್ತು ಕೊಟ್ಟಿದ್ದ ಒಂದು ಮಾತ್ರ ಉಳಿಯಿತು. 1352, ಅಂದರೆ 1942-43. ನಿವೃತ್ತ ಉರ್ದು ಮೇಷ್ಟ್ರು ಬೆರಳಿಟ್ಟು ಓದಿದರು: ಯಾವ ಹಳ್ಳದ ದಂಡೆಯಲ್ಲಿ ಎಷ್ಟು ಮರ, ಯಾರು ಹತ್ತುತ್ತಿದ್ದರು, ಮರದಿಂದ ಬಿದ್ದವನೊಬ್ಬನ ಮನೆಗೆ ಏಳು ರೂಪಾಯಿ. ಆ ರೂಪಾಯಿ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ, ನೆನಪಿಡಿ. ಏಳು ಹಾಲಿ ಕೊಟ್ಟರೆ ಸುಮಾರು ಆರು ಕಲ್ದಾರ್, ಅಂದರೆ ಬ್ರಿಟಿಷ್ ರೂಪಾಯಿ.

ಶುರುವಾದ ವರ್ಷ ಗೋಡೆಗೆ ಬರೆಸಲು ಚೆಂದ, ಅಷ್ಟೇ. ನಿಮ್ಮ ಮನೆತನದ ಚರಿತ್ರೆ ಮರ ಹತ್ತಿದವರ ಹೆಸರಲ್ಲಿದೆ. ಪ್ರತಿ ಹಾಳೆಯನ್ನೂ ಮೊಬೈಲಿನಲ್ಲಿ ಹಿಡಿಯಿರಿ, ಉರ್ದು ಬಲ್ಲ ಹಿರಿಯರನ್ನು ಮನೆಗೆ ಕರೆಯಿರಿ. ಹೈದರಾಬಾದಿನ ತಾರ್ನಾಕದ ಪತ್ರಾಗಾರ ಎಲ್ಲಿಗೂ ಓಡುವುದಿಲ್ಲ, ಹೆಸರು, ಊರು, ಸಾಲು ಕೈಯಲ್ಲಿಟ್ಟುಕೊಂಡು ಆಮೇಲೆ ಹೋಗಿ.

ಓದಿಸುವಾಗ ಮನೆಯ ಹಿರಿಯರನ್ನು ಪಕ್ಕದಲ್ಲೇ ಕೂಡಿಸಿಕೊಳ್ಳಿ. ಮೇಷ್ಟ್ರು ಓದಿದ ಮೂರು ಹೆಸರನ್ನು ಅಜ್ಜಿ ಗುರುತಿಸಿದಳು. ನಾಲ್ಕನೆಯದಕ್ಕೆ, 'ಅವನ ಮೊಮ್ಮಗ ದೇವದುರ್ಗದಾಗ ಅದಾನ, ಹೋಗಿ ಕೇಳು' ಅಂದಳು. ಮರುದಿನವೇ ಬಸ್ಸು ಹತ್ತಿದೆ.